ಲ್ಯಾಬ್ ಆರ್ಡರ್ರು, ರಿಪೋರ್ಟು ಕಂಪ್ಯೂಟರಲ್ಲಿ ಓಡ್ಬೇಕಾ? ಮೊದ್ಲು ಟೆಸ್ಟ್ ಲಿಸ್ಟ್ ತೆಗೆದು ನೋಡಿ

ಪ್ರಶ್ನೆ: ಸಾರ್, ನಾನು ಚಿಂತಾಮಣಿಯ ಒಂದು ನರ್ಸಿಂಗ್ ಹೋಂ ಲ್ಯಾಬಲ್ಲಿ ಇನ್‌ಚಾರ್ಜ್. ಶ್ರೀನಿವಾಸಪುರ, ಶಿಡ್ಲಘಟ್ಟದಲ್ಲಿ ನಮ್ಮ ಕಲೆಕ್ಷನ್ ಸೆಂಟರ್ ಇದೆ. ಡಾಕ್ಟ್ರು ಚೀಟೀಲಿ ಬರೀತಾರೆ, ಬಿಲ್ಲಿಂಗ್‌ನವ್ರು ಅವರ ಸಾಫ್ಟ್‌ವೇರಲ್ಲಿ ಒಂದ್ಸಲ ಹೊಡೀತಾರೆ, ನಾವು ಲ್ಯಾಬ್ ಸಾಫ್ಟ್‌ವೇರಲ್ಲಿ ಮತ್ತೊಂದ್ಸಲ ಹೊಡೀತೀವಿ, ಮಿಷನ್‌ನಲ್ಲಿ ಬಂದ ವ್ಯಾಲ್ಯೂ ನೋಡ್ಕೊಂಡು ಮೂರನೇ ಸಲ ಟೈಪ್ ಮಾಡ್ತೀವಿ. ಸ್ಪೆಷಲ್ ಟೆಸ್ಟ್ ಬೆಂಗಳೂರಿಗೆ ಹೋಗತ್ತೆ, ಪಿಡಿಎಫ್ ವಾಟ್ಸಾಪಲ್ಲಿ ಬರತ್ತೆ. ಈಗ ಒಬ್ಬ ವೆಂಡರ್ ಬಂದು ಎಚ್‌ಎಲ್7 ಇರೋ ಸಾಫ್ಟ್‌ವೇರ್ ಹಾಕ್ಸಿ, ಎಲ್ಲಾ ಸ್ಟ್ಯಾಂಡರ್ಡ್ ಆಗ್ಬಿಡತ್ತೆ ಅಂತಿದಾರೆ. ಓನರ್ ನನ್ನ ಅಭಿಪ್ರಾಯ ಕೇಳ್ತಿದಾರೆ. ಇದು ನಿಜನಾ, ಎಲ್ಲಿಂದ ಶುರು ಮಾಡ್ಬೇಕು?

ಉತ್ತರ: ಅರ್ಧ ನಿಜ. ಆ ಅರ್ಧಕ್ಕೇ ದುಡ್ಡು ಪೂರ್ತಿ ಕೇಳ್ತಾರೆ ಅನ್ನೋದು ಬೇರೆ ವಿಷಯ.

ಎಚ್‌ಎಲ್7 ಅಂದ್ರೆ ಎರಡು ಸಾಫ್ಟ್‌ವೇರ್ ಮಧ್ಯೆ ಮಾತುಕತೆ ಹೆಂಗಿರ್ಬೇಕು ಅನ್ನೋ ನಿಯಮ, 1987ರಿಂದ ಇದೆ, ಹೊಸದೇನಲ್ಲ. ಆಸ್ಪತ್ರೆ ಸಾಫ್ಟ್‌ವೇರಿಂದ ಲ್ಯಾಬ್‌ಗೆ ಆರ್ಡರ್ ಮೆಸೇಜ್ ಹೋಗತ್ತೆ, ಲ್ಯಾಬಿಂದ ವಾಪಸ್ ರಿಸಲ್ಟ್ ಮೆಸೇಜ್ ಬರತ್ತೆ. ಮೆಸೇಜ್ ತೆಗೆದು ನೋಡಿದ್ರೆ ಸಾಲು ಸಾಲು ಟೆಕ್ಸ್ಟು, ಮಧ್ಯೆ ಮಧ್ಯೆ ಉದ್ದ ಕಡ್ಡಿ ಗೆರೆ, ಪಿಐಡಿ ಅನ್ನೋ ಸಾಲಲ್ಲಿ ಪೇಷೆಂಟ್ ವಿವರ, ಓಬಿಆರ್ ಸಾಲಲ್ಲಿ ಏನು ಆರ್ಡರ್ ಆಯ್ತು ಅಂತ, ಓಬಿಎಕ್ಸ್ ಸಾಲಲ್ಲಿ ಯಾವ ಟೆಸ್ಟು, ಎಷ್ಟು ಬಂತು, ಯೂನಿಟ್ ಏನು, ನಾರ್ಮಲ್ ರೇಂಜ್ ಎಷ್ಟು, ಹೈ ಅಥವಾ ಲೋ ಫ್ಲ್ಯಾಗು, ಕೊನೇಲಿ ರಿಪೋರ್ಟ್ ಫೈನಲ್ಲಾ ಅಲ್ವಾ ಅನ್ನೋದು. ಎಲ್ಲಿ ಏನು ಕೂರ್ಬೇಕು ಅಂತ ಮಾತ್ರ ಎಚ್‌ಎಲ್7 ಹೇಳತ್ತೆ. ಆ ಜಾಗದಲ್ಲಿ ನೀವು ಏನು ತುಂಬ್ತೀರಿ ಅನ್ನೋದು ನಿಮ್ಮ ತಲೆನೋವು. ಕೋಲಾರ ಎಪಿಎಂಸಿಲಿ ಟೊಮೆಟೊ ಕ್ರೇಟೆಲ್ಲಾ ಒಂದೇ ಸೈಜ್ ಇರತ್ತೆ, ಹಂಗಂತ ಒಳಗಿರೋ ಹಣ್ಣೆಲ್ಲಾ ಒಂದೇ ಕ್ವಾಲಿಟಿ ಅಂತ ಯಾರೂ ಕಣ್ಮುಚ್ಚಿ ಹರಾಜು ಕೂಗಲ್ಲ ಅಲ್ವಾ, ಇದೂ ಅಷ್ಟೇ.

ಅದಕ್ಕೆ ನನ್ನ ಮಾತು ಇಷ್ಟೇ, ಸಾಫ್ಟ್‌ವೇರ್ ತಗೊಳ್ಳೋಕೆ ಮುಂಚೆ ಎರಡು ವಿಷಯ ನಿಮ್ಮಲ್ಲೇ ಕೂತು ಸರಿ ಮಾಡ್ಕೊಳ್ಳಿ. ಒಂದು ಟೆಸ್ಟ್ ಮಾಸ್ಟರ್, ಅಂದ್ರೆ ಯಾವ ಟೆಸ್ಟಿಗೆ ಯಾವ ಹೆಸರು, ಯಾವ ಸ್ಯಾಂಪಲ್, ಯಾವ ಯೂನಿಟ್ ಅನ್ನೋ ಪಟ್ಟಿ. ಇನ್ನೊಂದು ನಂಬರ್, ಆರ್ಡರ್ ಆದ ಕ್ಷಣದಲ್ಲಿ ಹುಟ್ಟಿ ಟ್ಯೂಬ್ ಮೇಲೆ ಕೂತು ಮಿಷನ್ ಒಳಗೆ ಹೋಗಿ ರಿಪೋರ್ಟ್ ಜೊತೆ ವಾಪಸ್ ಬರೋ ನಂಬರ್. ಇವೆರಡು ಸರಿ ಇದ್ರೆ ಸಾಧಾರಣ ಸಾಫ್ಟ್‌ವೇರಲ್ಲೂ ಕೆಲಸ ನಡೆಯತ್ತೆ. ಇವೆರಡು ಇಲ್ದೆ ಎಷ್ಟೇ ದುಬಾರಿ ಸಾಫ್ಟ್‌ವೇರ್ ಹಾಕಿದ್ರೂ ಈಗ ಕೈಯಲ್ಲಿ ಆಗ್ತಿರೋ ಗಲಿಬಿಲಿ ಆಗ ವೇಗವಾಗಿ ಆಗತ್ತೆ, ಅಷ್ಟೇ ವ್ಯತ್ಯಾಸ.

ಟೆಸ್ಟ್ ಮಾಸ್ಟರ್ ವಿಷಯಕ್ಕೆ ಬರೋಣ. ನಾಳೆ ಬೆಳಿಗ್ಗೆ ಒಂದು ಕೆಲ್ಸ ಮಾಡಿ, ಒಂದು ವಾರದ ಚೀಟಿ ತೆಗೆದು ಶುಗರ್ ಟೆಸ್ಟ್ ಒಂದನ್ನ ಎಷ್ಟು ಥರ ಬರ್ದಿದಾರೆ ಅಂತ ನೋಡಿ. ಶುಗರ್, ಬ್ಲಡ್ ಶುಗರ್, ಆರ್‌ಬಿಎಸ್, ಜಿಆರ್‌ಬಿಎಸ್, ಎಫ್‌ಬಿಎಸ್, ಫಾಸ್ಟಿಂಗ್, ಪಿಪಿ, ಪಿಪಿಬಿಎಸ್, ಎಲ್ಲಾ ಸಿಗತ್ತೆ. ಇದ್ರಲ್ಲಿ ಕೆಲವು ಒಂದೇ ಟೆಸ್ಟಿಗೆ ಬೇರೆ ಹೆಸರು, ಕೆಲವು ನಿಜವಾಗ್ಲೂ ಬೇರೆ ಟೆಸ್ಟು. ಜಿಆರ್‌ಬಿಎಸ್ ಅಂದ್ರೆ ವಾರ್ಡಲ್ಲಿ ಸಿಸ್ಟರ್ ಬೆರಳು ಚುಚ್ಚಿ ಗ್ಲೂಕೋಮೀಟರಲ್ಲಿ ನೋಡೋದು, ನಿಮ್ಮ ಅನಲೈಸರಲ್ಲಿ (ಟೆಸ್ಟ್ ಮಾಡೋ ಮಿಷನ್ನಲ್ಲಿ) ಪ್ಲಾಸ್ಮಾ ಮೇಲೆ ಮಾಡೋ ಆರ್‌ಬಿಎಸ್, ಅಂದ್ರೆ ಯಾವ ಹೊತ್ತಲ್ಲಾದ್ರೂ ನೋಡೋ ಶುಗರ್, ಬೇರೆ. ಎರಡನ್ನೂ ಒಂದೇ ಕಾಲಮ್ಮಿಗೆ ತಳ್ಳಿದ್ರೆ ಡಾಕ್ಟ್ರು ಸ್ಕ್ರೀನ್ ಮೇಲೆ ನೋಡೋ ಗ್ರಾಫಿಗೆ ಅರ್ಥನೇ ಇರಲ್ಲ.

ಈ ಗೊಂದಲಕ್ಕೆ ಅಂತಾನೇ ಲಾಯಿಂಕ್ ಅನ್ನೋ ಕೋಡ್ ಪದ್ಧತಿ ಇದೆ. ಅಮೆರಿಕಾದ ಇಂಡಿಯಾನಾಪೊಲಿಸ್‌ನ ರೀಗನ್‌ಸ್ಟ್ರೀಫ್ ಇನ್‌ಸ್ಟಿಟ್ಯೂಟ್‌ನವ್ರು 1994ರಲ್ಲಿ ಶುರು ಮಾಡಿದ್ದು, ರಿಜಿಸ್ಟರ್ ಮಾಡ್ಕೊಂಡ್ರೆ ಫ್ರೀಯಾಗೇ ಡೌನ್‌ಲೋಡ್ ಮಾಡ್ಬಹುದು, ಯಾರಾದ್ರೂ ಲಾಯಿಂಕ್ ಲೈಸೆನ್ಸ್ ಫೀಸ್ ಅಂತ ಬಿಲ್ಲಲ್ಲಿ ಹಾಕಿದ್ರೆ ಅದೇನು ಅಂತ ಕೇಳಿ. ಒಂದು ಕೋಡ್ ಅಂದ್ರೆ ಅದರೊಳಗೆ ಆರು ವಿಷಯ ಅಡಗಿರತ್ತೆ, ಏನನ್ನ ಅಳೀತಿದೀವಿ, ಯಾವ ರೀತಿಯ ಅಳತೆ, ಆ ಹೊತ್ತಿನ ಸ್ಯಾಂಪಲ್ಲಾ 24 ಗಂಟೆ ಸೇರಿಸಿದ್ದಾ, ರಕ್ತನಾ ಸೀರಮ್ಮಾ ಮೂತ್ರನಾ, ಉತ್ತರ ನಂಬರಾ ಪಾಸಿಟಿವ್ ನೆಗೆಟಿವ್ವಾ, ಬೇಕಾದ್ರೆ ಯಾವ ಮೆಥಡ್ಡು. ಸೀರಂ ಅಥವಾ ಪ್ಲಾಸ್ಮಾದಲ್ಲಿ ಸಾದಾ ಗ್ಲೂಕೋಸ್ ಆದ್ರೆ 2345-7, ಫಾಸ್ಟಿಂಗ್ ಆದ್ರೆ 1558-6, ಊಟ ಆಗಿ ಎರಡು ಗಂಟೆ ಆದ್ಮೇಲೆ ಆದ್ರೆ 1521-4. ಹಿಮೋಗ್ಲೋಬಿನ್ 718-7. ಸೀರಂ ಕ್ರಿಯಾಟಿನಿನ್ 2160-0, ಆದ್ರೆ ಅದನ್ನೇ ಮೈಕ್ರೋಮೋಲ್‌ನಲ್ಲಿ ಕೊಡೋ ಲ್ಯಾಬಾದ್ರೆ ಕೋಡೇ ಬದಲಾಗಿ 14682-9 ಆಗತ್ತೆ. ಯಾಕಂದ್ರೆ 1 ಮಿಲಿಗ್ರಾಂ ಪರ್ ಡೆಸಿಲೀಟರ್ ಅಂದ್ರೆ ಅಲ್ಲಿ 88.4, ಯೂನಿಟ್ ನೋಡ್ದೆ ನಂಬರ್ ಮಾತ್ರ ನೋಡಿದ್ರೆ ಕಿಡ್ನಿ ಹೋಯ್ತು ಅಂತ ಗಾಬರಿ ಆಗ್ಬೇಕು.

ಯೂನಿಟ್ ಅಂದಾಗ ನಮ್ಮ ಕಡೆ ದೊಡ್ಡ ಕಾಟ ಪ್ಲೇಟ್‌ಲೆಟ್ಟು. ಡೆಂಗಿ ಸೀಸನ್ ಬಂದ್ರೆ ಪೇಷೆಂಟ್ ಕಡೆಯವ್ರಿಗೂ ಲೆಕ್ಕ ಬಾಯಿಪಾಠ, "ಸಾರ್ ಲಕ್ಷ ಇದ್ಯಾ, ಕಮ್ಮಿ ಆಯ್ತಾ" ಅಂತಾರೆ. ಸೆಲ್ ಕೌಂಟರ್ ಸಾವಿರದ ಲೆಕ್ಕದಲ್ಲಿ 120 ಅಂತ ತೋರ್ಸತ್ತೆ, ನಿಮ್ಮ ಟೆಕ್ನಿಷಿಯನ್ 1.2 ಲಕ್ಷ ಅಂತ ಟೈಪ್ ಮಾಡ್ತಾರೆ, ಇನ್ನೊಬ್ರು 1,20,000 ಅಂತ ಪೂರ್ತಿ ಬರೀತಾರೆ. ಮನುಷ್ಯರು ಓದಿದ್ರೆ ಮೂರೂ ಒಂದೇ. ಕಂಪ್ಯೂಟರ್ ಓದಿದ್ರೆ ನಿನ್ನೆ 120 ಇದ್ದಿದ್ದು ಇವತ್ತು 1.2ಕ್ಕೆ ಇಳಿದಿದೆ, ಕೆಂಪು ಬಣ್ಣದಲ್ಲಿ ಅಲಾರಂ. ಇಂಥ ಸುಳ್ಳು ಅಲಾರಂ ನಾಲ್ಕು ಸಲ ಬಂದ್ರೆ ಐದನೇದು ನಿಜವಾದ್ದು ಬಂದಾಗ ಯಾರೂ ತಿರುಗಿ ನೋಡಲ್ಲ. ಹಂಗಾಗಿ ಒಳಗಡೆ ಸೇವ್ ಆಗೋದು ಒಂದೇ ಯೂನಿಟಲ್ಲಿ ಇರ್ಲಿ, ಪ್ರಿಂಟಲ್ಲಿ ಲಕ್ಷ ಅಂತ ತೋರ್ಸೋದಾದ್ರೆ ಸಾಫ್ಟ್‌ವೇರೇ ಲೆಕ್ಕ ಹಾಕಿ ತೋರಿಸ್ಲಿ, ಕೈಯಲ್ಲಿ ಯಾರೂ ಭಾಗಾಕಾರ ಮಾಡ್ಬಾರ್ದು. ಯೂನಿಟ್ ಬರೆಯೋಕೂ ಯುಕಂ ಅಂತ ಒಂದು ಅಂತರರಾಷ್ಟ್ರೀಯ ಪದ್ಧತಿ ಇದೆ, ಅದರ ಪ್ರಕಾರಾನೇ ಮಾಸ್ಟರಲ್ಲಿ ಹಾಕಿಸ್ಕೊಳ್ಳಿ.

ಪ್ರೊಫೈಲ್ ವಿಷಯದಲ್ಲೂ ಹಿಂಗೇ. ಎಲ್‌ಎಫ್‌ಟಿ, ಅಂದ್ರೆ ಲಿವರ್ ಟೆಸ್ಟುಗಳ ಗುಂಪು, ಒಂದು ಲ್ಯಾಬಲ್ಲಿ ಎಂಟು ಪ್ಯಾರಾಮೀಟರ್, ಇನ್ನೊಂದರಲ್ಲಿ ಜಿಜಿಟಿ ಸೇರಿಸಿ ಇನ್ನೂ ಜಾಸ್ತಿ. ಆರ್ಡರ್ ಆಗೋ ಹೆಸರು ಬೇರೆ, ರಿಸಲ್ಟ್ ಬರೋ ಒಂದೊಂದು ಪ್ಯಾರಾಮೀಟರ್ ಬೇರೆ, ಎರಡಕ್ಕೂ ಪ್ರತ್ಯೇಕ ಕೋಡ್ ಇರ್ಬೇಕು. ಬಿಲ್ಲಿಂಗ್ ಕೋಡನ್ನೇ ಟೆಸ್ಟ್ ಕೋಡ್ ಮಾಡ್ಕೊಂಡಿರೋ ಕಡೆ ರೇಟ್ ಬದಲಾದಾಗ, ಪ್ಯಾಕೇಜ್ ಬದಲಾದಾಗ ಹಳೇ ರಿಪೋರ್ಟೆಲ್ಲಾ ಅನಾಥ ಆಗ್ಬಿಡತ್ತೆ. ಎಕ್ಸೆಲ್ ಶೀಟಲ್ಲಿ ನಿಮ್ಮಲ್ಲಿ ದಿನಾ ಓಡೋ ಟೆಸ್ಟುಗಳನ್ನ ಮೊದ್ಲು ಬರೀರಿ, ಅಪರೂಪಕ್ಕೆ ಬರೋದು ಆಮೇಲೆ. ಹೆಸರು, ಸ್ಯಾಂಪಲ್, ಟ್ಯೂಬ್ ಬಣ್ಣ, ಯೂನಿಟ್, ಎಷ್ಟು ದಶಮಾಂಶ, ವಯಸ್ಸು ಲಿಂಗ ನೋಡ್ಕೊಂಡು ರೆಫರೆನ್ಸ್ ರೇಂಜ್, ಲಾಯಿಂಕ್ ಕೋಡು. ಕೋಡ್ ಹಾಕೋ ಕೆಲ್ಸ ವೆಂಡರ್ ಹುಡುಗನ ಕೈಗೆ ಬಿಡ್ಬೇಡಿ, ನೀವು ಮತ್ತು ನಿಮ್ಮ ಪೆಥಾಲಜಿಸ್ಟ್ ಕೂತು ಕಿಟ್ ಇನ್ಸರ್ಟ್ (ಟೆಸ್ಟ್ ಕಿಟ್ ಜೊತೆ ಬರೋ ವಿವರದ ಕಾಗದ) ಪಕ್ಕದಲ್ಲಿಟ್ಕೊಂಡು ಮಾಡಿ. ಬೇಜಾರಿನ ಕೆಲ್ಸನೇ, ಆದ್ರೆ ಒಂದ್ಸಲ ಗಟ್ಟಿಯಾಗಿ ಮಾಡಿದ್ರೆ ವರ್ಷಗಟ್ಲೆ ಬಾಳತ್ತೆ.

ಈಗ ನಂಬರ್. ಅದಕ್ಕೂ ಮುಂಚೆ ಪೇಷೆಂಟ್ ಯಾರು ಅನ್ನೋದು. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆ ಒಂದು ಬೆಳಿಗ್ಗೆ ಕ್ಯೂನಲ್ಲಿ ಎಷ್ಟು ಜನ ವೆಂಕಟರವಣಪ್ಪ, ಎಷ್ಟು ಜನ ಮುನಿಯಮ್ಮ ಇರ್ತಾರೆ ಅಂತ ನಿಮಗೇ ಗೊತ್ತು. ಮನೇಲಿ ತೆಲುಗು, ಆಧಾರಲ್ಲಿ ಕನ್ನಡ, ಸಾಫ್ಟ್‌ವೇರಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗು, ಕೌಂಟರಲ್ಲಿ ಯಾರು ಕೂತಿದಾರೋ ಅವರ ಇಷ್ಟದ ಪ್ರಕಾರ. ಒಬ್ಬರೇ ವೆಂಕಟರಮಣಪ್ಪ, ವೆಂಕಟ್ರವಣಪ್ಪ, ಬರೀ ರವಣಪ್ಪ ಅಂತ ಮೂರು ಪೇಷೆಂಟ್ ಆಗಿರ್ತಾರೆ, ವಯಸ್ಸು ಕೇಳಿದ್ರೆ "ಅರವತ್ತಿರ್ಬಹುದು ಹಾಕಮ್ಮ" ಅಂತಾರೆ. ಮೊಬೈಲ್ ನಂಬರನ್ನೇ ಗುರುತು ಮಾಡ್ಕೊಳ್ಳೋ ಚಾಳಿ ತುಂಬಾ ಕಡೆ ಇದೆ, ದಯವಿಟ್ಟು ಬೇಡ, ಅತ್ತೆ ಸೊಸೆ ಮಗು ಮೂರೂ ಜನಕ್ಕೆ ಮಗನ ನಂಬರೇ ಇರತ್ತೆ. ಒಬ್ಬ ಪೇಷೆಂಟಿಗೆ ಆಸ್ಪತ್ರೆ ಕೊಡೋ ಒಂದೇ ಯುಎಚ್‌ಐಡಿ (ಗುರುತಿನ ನಂಬರ್), ಎಲ್ಲಾ ಬ್ರ್ಯಾಂಚಿಗೂ ಅದೇ, ಪೇಷೆಂಟ್ ಹತ್ರ ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಇದ್ರೆ ಆ 14 ಅಂಕಿ ನಂಬರನ್ನೂ ಪಕ್ಕದಲ್ಲಿ ಸೇರ್ಸಿ. ಇಲ್ಲ ಅಂದ್ರೆ ಟೆಸ್ಟ್ ಮಾಡಲ್ಲ ಅಂತೇನೂ ಹೇಳೋ ಹಾಗಿಲ್ಲ. ರಕ್ತ ತೆಗೆಯೋ ಮುಂಚೆ "ನಿಮ್ಮ ಹೆಸರು ರವಣಪ್ಪನಾ" ಅಂತ ಕೇಳಿದ್ರೆ ಯಾರಾದ್ರೂ ಹೂಂ ಅಂತಾರೆ, "ನಿಮ್ಮ ಹೆಸರೇನು, ಯಾವೂರು" ಅಂತ ಅವರ ಬಾಯಲ್ಲೇ ಹೇಳಿಸ್ಬೇಕು.

ಆರ್ಡರ್ ಯಾರು ಎಂಟ್ರಿ ಮಾಡ್ತಾರೆ ಅನ್ನೋದು ಮುಂದಿನ ಜಗಳ. ಪುಸ್ತಕದ ಪ್ರಕಾರ ಡಾಕ್ಟ್ರೇ ಮಾಡ್ಬೇಕು. ಸೋಮವಾರದ ಒಪಿಡಿಯಲ್ಲಿ ಡಾಕ್ಟ್ರು ಟೈಪ್ ಮಾಡ್ತಾ ಕೂರಲ್ಲ, ಅದನ್ನ ನಾನಂತೂ ನಿರೀಕ್ಷೆ ಮಾಡಲ್ಲ. ಪದೇ ಪದೇ ಬರೆಯೋ ಟೆಸ್ಟುಗಳನ್ನ ಸೆಟ್ ಮಾಡಿ ಒಂದು ಟಿಕ್ಕಲ್ಲಿ ಹೋಗೋ ಹಾಗೆ ಮಾಡಿ ಕೊಡಿ, ಮಾಡೋರು ಮಾಡ್ತಾರೆ. ಉಳಿದವ್ರದ್ದು ಚೀಟಿ ನೋಡಿ ಸಿಸ್ಟರೋ ಕೌಂಟರಿನವ್ರೋ ಎಂಟ್ರಿ ಮಾಡ್ಲಿ, ಆದ್ರೆ ಒಂದೇ ಸಲ, ಒಂದೇ ಕಡೆ. ಅಲ್ಲಿಂದ ಬಿಲ್ಲಿಂಗಿಗೂ ಲ್ಯಾಬಿಗೂ ತಾನಾಗೇ ಹೋಗ್ಬೇಕು. ಆ ಕ್ಷಣಕ್ಕೆ ಆಸ್ಪತ್ರೆ ಕಡೆ ಒಂದು ಆರ್ಡರ್ ನಂಬರ್ ಹುಟ್ಟತ್ತೆ, ಲ್ಯಾಬ್ ತನ್ನದೊಂದು ನಂಬರ್ ಕೊಡತ್ತೆ, ಎಚ್‌ಎಲ್7ನಲ್ಲಿ ಇವನ್ನ ಪ್ಲೇಸರ್ ನಂಬರ್, ಫಿಲ್ಲರ್ ನಂಬರ್ ಅಂತಾರೆ. ರಿಸಲ್ಟ್ ವಾಪಸ್ ಬರುವಾಗ ಎರಡೂ ಜೊತೇಲೇ ಬರ್ಬೇಕು, ಇಲ್ಲಾಂದ್ರೆ ರಿಸಲ್ಟು ಯಾವ ಆರ್ಡರಿಗೆ ಅಂತ ಸಾಫ್ಟ್‌ವೇರ್ ಹೆಸರು ನೋಡಿ ಊಹೆ ಮಾಡತ್ತೆ. ವೆಂಕಟರವಣಪ್ಪನ ಕಥೆ ಮೇಲೆ ಹೇಳಿದೀನಲ್ಲ.

ಒಂದು ಆರ್ಡರಿಗೆ ಒಂದೇ ಟ್ಯೂಬ್ ಇರಲ್ಲ. ಸಿಬಿಸಿಗೆ (ರಕ್ತಕಣಗಳ ಎಣಿಕೆಗೆ) ನೇರಳೆ ಕ್ಯಾಪಿನ ಇಡಿಟಿಎ, ಶುಗರಿಗೆ ಬೂದು ಕ್ಯಾಪು, ಬಯೋಕೆಮಿಸ್ಟ್ರಿಗೆ ಹಳದಿ, ರಕ್ತ ಹೆಪ್ಪುಗಟ್ಟೋದನ್ನ ನೋಡೋ ಪಿಟಿ ಐಎನ್‌ಆರ್‌ಗೆ ತಿಳಿ ನೀಲಿ. ಒಂದೊಂದು ಟ್ಯೂಬಿಗೂ ತನ್ನದೇ ಬಾರ್‌ಕೋಡ್ ಬೇಕು. ಹೆಸರಿರೋ ಸ್ಟಿಕ್ಕರ್ ಬೆಳಿಗ್ಗೆನೇ ಪ್ರಿಂಟ್ ಹೊಡೆದು ಟ್ರೇಲಿ ಜೋಡಿಸಿಟ್ಕೊಳ್ಳೋದು ಬೇಡ, ಪೇಷೆಂಟ್ ಮುಂದೆ ಕೂತಿರುವಾಗ್ಲೇ ಅಂಟಿಸ್ಬೇಕು. ಶ್ರೀನಿವಾಸಪುರದ ಸೆಂಟರಲ್ಲಿ ಕರೆಂಟು, ನೆಟ್ಟು ಹೋದಾಗ ಏನು ಅಂತ ನೀವು ಕೇಳ್ತೀರಿ. ಹೆಸರಿಲ್ದೇ ಬರೀ ನಂಬರ್ ಇರೋ ಸ್ಟಿಕ್ಕರ್ ರೋಲ್ ಮೊದ್ಲೇ ಕೊಟ್ಟಿರಿ, ಪೇಷೆಂಟ್ ಬಂದಾಗ ಆ ನಂಬರನ್ನ ಅವರ ಫಾರಂ ಮೇಲೂ ಟ್ಯೂಬ್ ಮೇಲೂ ಅಂಟಿಸಿ, ನೆಟ್ ಬಂದ್ಮೇಲೆ ಸ್ಕ್ಯಾನ್ ಮಾಡಿ ಜೋಡಿಸಿದ್ರೆ ಆಯ್ತು. ಒಂದೇ ನಂಬರ್ ಎರಡು ಸೆಂಟರಿಗೆ ಹೋಗದಂಗೆ ಸೀರೀಸ್ ಬೇರೆ ಮಾಡ್ಕೊಳ್ಳಿ.

ರಕ್ತ ತೆಗೆದ ಟೈಮು ಸಿಸ್ಟಮ್ಮಲ್ಲಿ ಬರ್ಲೇಬೇಕು, ಇದನ್ನ ಜನ ತುಂಬಾ ಹಗುರವಾಗಿ ತಗೋತಾರೆ. ಬೆಳಿಗ್ಗೆ ಏಳಕ್ಕೆ ಶಿಡ್ಲಘಟ್ಟದಲ್ಲಿ ತೆಗೆದ ರಕ್ತ ಹನ್ನೊಂದಕ್ಕೆ ಚಿಂತಾಮಣಿಗೆ ಬರತ್ತೆ ಅಂತಿಟ್ಕೊಳ್ಳಿ, ಬೇರ್ಪಡಿಸದ ರಕ್ತದಲ್ಲಿ ಜೀವಕೋಶಗಳು ಗ್ಲೂಕೋಸ್ ತಿಂತಾನೇ ಇರತ್ತೆ, ರೂಂ ಟೆಂಪರೇಚರಲ್ಲಿ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಇಳಿಯತ್ತೆ. ಬೂದು ಟ್ಯೂಬಲ್ಲಿರೋ ಫ್ಲೋರೈಡ್ ಇದನ್ನ ತಡೆಯತ್ತೆ, ಆದ್ರೆ ಅದೂ ಪೂರ್ತಿ ಕೆಲ್ಸ ಮಾಡೋಕೆ ಒಂದೆರಡು ಗಂಟೆ ತಗೊಳತ್ತೆ. (ನಮ್ಮ ಜಿಲ್ಲೆಗಳಲ್ಲಿ ಫ್ಲೋರೈಡ್ ಅಂದ್ರೆ ಬೋರ್‌ವೆಲ್ ನೀರಿನ ಶತ್ರು, ಇಲ್ಲಿ ಮಾತ್ರ ಮಿತ್ರ.) ಸ್ಯಾಂಪಲ್ ಲ್ಯಾಬಿಗೆ ಬಂದ ಟೈಮನ್ನೇ ಕಲೆಕ್ಷನ್ ಟೈಮ್ ಅಂತ ಹಾಕ್ಬಿಟ್ರೆ ಈ ನಾಲ್ಕು ಗಂಟೆ ಕಾಗದದ ಮೇಲೆ ಮಾಯ, 130 ಇರ್ಬೇಕಾದ ಫಾಸ್ಟಿಂಗ್ ಶುಗರ್ 110 ಅಂತ ಬಂದ್ರೂ ಯಾಕೆ ಅಂತ ಹುಡುಕೋಕೆ ದಾರಿ ಇರಲ್ಲ. ತೆಗೆದ ಟೈಮ್, ಲ್ಯಾಬ್ ಮುಟ್ಟಿದ ಟೈಮ್, ರಿಪೋರ್ಟ್ ಸೈನ್ ಆದ ಟೈಮ್, ಮೂರೂ ಬೇರೆ ಬೇರೆ ಇರ್ಲಿ.

ಮಿಷನ್ ಜೋಡಿಸೋದು ಅಷ್ಟು ಕಷ್ಟ ಅಲ್ಲ, ಆದ್ರೆ ದುಡ್ಡಿನ ತಕರಾರು ಇಲ್ಲೇ ಬರತ್ತೆ. ಹಳೇ ಅನಲೈಸರ್ ಆದ್ರೆ ಹಿಂದ್ಗಡೆ ಸೀರಿಯಲ್ ಪೋರ್ಟಲ್ಲಿ ಎಎಸ್‌ಟಿಎಂ ಅನ್ನೋ ಪ್ರೋಟೋಕಾಲಲ್ಲಿ ಮಾತಾಡತ್ತೆ, ಹೊಸವು ನೆಟ್‌ವರ್ಕ್ ಕೇಬಲ್ಲಲ್ಲಿ ಎಚ್‌ಎಲ್7 ಮಾತಾಡತ್ತೆ. ಒನ್ ವೇ ಆದ್ರೆ ರಿಸಲ್ಟ್ ಮಾತ್ರ ಕಂಪ್ಯೂಟರಿಗೆ ಬರತ್ತೆ, ಯಾವ ಟೆಸ್ಟ್ ಮಾಡ್ಬೇಕು ಅಂತ ನೀವೇ ಮಿಷನ್ನಲ್ಲಿ ಒತ್ಬೇಕು. ಟೂ ವೇ ಆದ್ರೆ ಮಿಷನ್ ಬಾರ್‌ಕೋಡ್ ಓದಿ "ಈ ಟ್ಯೂಬಿಗೆ ಏನೇನು ಮಾಡ್ಲಿ" ಅಂತ ಕಂಪ್ಯೂಟರನ್ನೇ ಕೇಳತ್ತೆ. ಬಯೋಕೆಮಿಸ್ಟ್ರಿಗೆ ಟೂ ವೇ ಹಾಕಿಸಿ, ಅಲ್ಲೇ ಜಾಸ್ತಿ ಟೈಪಿಂಗ್ ಉಳಿಯೋದು. ಬರೀ ಸಿಬಿಸಿ ಮಾಡೋ ಸೆಲ್ ಕೌಂಟರಿಗೆ ಒನ್ ವೇ ನಡೆಯತ್ತೆ. ರೀಏಜೆಂಟ್ ರೆಂಟಲ್ ಮೇಲೆ (ಟೆಸ್ಟ್ ಕೆಮಿಕಲ್ ಅವರಿಂದಲೇ ತಗೊಳ್ಳೋ ಷರತ್ತಿಗೆ) ಬಂದಿರೋ ಮಿಷನ್ ಆದ್ರೆ ಇಂಟರ್‌ಫೇಸ್ ಚಾರ್ಜು ಯಾರದ್ದು, ಪ್ರೋಟೋಕಾಲ್ ಮ್ಯಾನ್ಯುಯಲ್ ಕೊಡ್ತಾರಾ ಅಂತ ಆ ಕಂಪನಿಯವ್ರಿಂದ ಮೊದ್ಲೇ ಬರವಣಿಗೇಲಿ ತಗೊಳ್ಳಿ.

ರಿಸಲ್ಟ್ ಕಡೆ ಬಂದ್ರೆ ನಾನು ಹೆಚ್ಚು ಒತ್ತಿ ಹೇಳೋದು ಸ್ಟೇಟಸ್ಸು. ಪ್ರಿಲಿಮಿನರಿ, ಫೈನಲ್, ಕರೆಕ್ಟೆಡ್ ಅಂತ ಮೂರು ಕನಿಷ್ಠ ಬೇಕು. ಯೂರಿನ್ ಕಲ್ಚರಲ್ಲಿ (ಮೂತ್ರದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಟೆಸ್ಟಲ್ಲಿ) ಮೊದಲ್ನೇ ದಿನ ಬೆಳವಣಿಗೆ ಇದೆ ಅಂತಷ್ಟೇ ಗೊತ್ತಾಗತ್ತೆ, ಯಾವ ಬ್ಯಾಕ್ಟೀರಿಯಾ, ಯಾವ ಆಂಟಿಬಯಾಟಿಕ್ ಅಂತ ಬರೋದು ಆಮೇಲೆ. ಇದೆಲ್ಲಾ ಒಂದೇ ಆರ್ಡರಿನ ಕೆಳಗೆ ಅಪ್‌ಡೇಟ್ ಆಗ್ಬೇಕು, ಮೂರು ಬೇರೆ ರಿಪೋರ್ಟ್ ಆಗ್ಬಾರ್ದು. ಸೈನ್ ಆದ್ಮೇಲೆ ತಪ್ಪು ಗೊತ್ತಾಯ್ತು ಅಂದ್ರೆ ಹಳೇ ವ್ಯಾಲ್ಯೂ ಅಳಿಸಿ ಹೊಸದು ಹಾಕೋದು ಬೇಡವೇ ಬೇಡ, ತಿದ್ದಿದ್ದು ಅಂತ ಎದ್ದು ಕಾಣ್ಬೇಕು, ಹಳೇದೂ ಸಿಗ್ಬೇಕು. ಲ್ಯಾಬುಗಳಿಗೆ ಮಾನ್ಯತೆ ಕೊಡೋ ಎನ್‌ಎಬಿಎಲ್‌ನವ್ರು ಹಿಡಿಯೋ ಐಎಸ್‌ಒ 15189 ಅನ್ನೋ ಸ್ಟ್ಯಾಂಡರ್ಡ್ ಕೇಳೋದೂ ಇದನ್ನೇ. ವಾಟ್ಸಾಪಲ್ಲಿ ಕಳಿಸೋ ಪಿಡಿಎಫಿನ ಸಮಸ್ಯೆನೂ ಇದೇ, ಒಂದ್ಸಲ ಹೋದ್ರೆ ಹೋಯ್ತು, ತಿದ್ದಿದ್ದು ಕಳಿಸಿದ್ರೂ ಪೇಷೆಂಟ್ ಮೊಬೈಲಲ್ಲಿ ಹಳೇದೇ ಮೇಲೆ ಕೂತಿರತ್ತೆ. ಬೆಂಗಳೂರಿನ ರೆಫರಲ್ ಲ್ಯಾಬಿನವ್ರಿಗೆ ಪಿಡಿಎಫ್ ಜೊತೆ ಡೇಟಾನೂ ಕೊಡಿ ಅಂತ ಕೇಳಿ, ದೊಡ್ಡ ಲ್ಯಾಬುಗಳಿಗೆ ಅದೇನು ಕಷ್ಟ ಅಲ್ಲ, ಮತ್ತೆ ಆ ಟೆಸ್ಟ್ ಮಾಡಿದ್ದು ಯಾವ ಲ್ಯಾಬ್ ಅಂತ ನಿಮ್ಮ ರಿಪೋರ್ಟಲ್ಲಿ ಬರ್ಲೇಬೇಕು.

ಸ್ಯಾಂಪಲ್ ರಿಜೆಕ್ಟ್ ಆದ್ರೂ ಅದೊಂದು ಉತ್ತರನೇ. ಹಿಮೋಲೈಸ್ ಆಗಿದೆ (ರಕ್ತಕಣ ಒಡೆದಿದೆ), ಹೆಪ್ಪುಗಟ್ಟಿದೆ, ಸಾಲ್ದು ಅಂತ ಕಾರಣ ಸಮೇತ ಡಾಕ್ಟ್ರ ಸ್ಕ್ರೀನಿಗೆ ವಾಪಸ್ ಹೋಗ್ಲಿ, ಇಲ್ಲಾಂದ್ರೆ ಅವ್ರು "ಲ್ಯಾಬಿನವ್ರು ಇನ್ನೂ ಕೊಟ್ಟಿಲ್ಲ" ಅಂತ ಸಂಜೆವರೆಗೂ ಕಾಯ್ತಾರೆ. ಕ್ರಿಟಿಕಲ್ ವ್ಯಾಲ್ಯೂಗೆ ಮಾತ್ರ ಸಾಫ್ಟ್‌ವೇರನ್ನ ನಂಬ್ಕೊಂಡು ಕೂರ್ಬೇಡಿ. ಪೊಟ್ಯಾಸಿಯಂ ಎಷ್ಟು ದಾಟಿದ್ರೆ, ಶುಗರ್ ಎಷ್ಟಕ್ಕಿಂತ ಇಳಿದ್ರೆ ಫೋನ್ ಮಾಡ್ಬೇಕು ಅಂತ ನಿಮ್ಮ ಡಾಕ್ಟ್ರ ಜೊತೆ ಕೂತು ಪಟ್ಟಿ ಮಾಡಿ, ಫೋನಲ್ಲಿ ಹೇಳಿದ್ದನ್ನ ಅವರ ಬಾಯಲ್ಲಿ ವಾಪಸ್ ಹೇಳಿಸಿ, ಯಾರಿಗೆ, ಎಷ್ಟು ಹೊತ್ತಿಗೆ ಅಂತ ಸಿಸ್ಟಮ್ಮಲ್ಲೇ ಬರೀರಿ. ಆಸ್ಪತ್ರೆ ಸಾಫ್ಟ್‌ವೇರಿಂದ ಅಕ್ನಾಲೆಡ್ಜ್‌ಮೆಂಟ್ ಬಂತು ಅಂದ್ರೆ ಮೆಸೇಜ್ ಆ ಕಡೆ ಕಂಪ್ಯೂಟರ್ ಮುಟ್ಟಿದೆ ಅಂತ ಅರ್ಥ, ಡಾಕ್ಟ್ರು ನೋಡಿದಾರೆ ಅಂತ ಅಲ್ಲ.

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಗ್ಗೆ ಓನರ್ ಖಂಡಿತ ಕೇಳ್ತಾರೆ. 2021ರ ಸೆಪ್ಟೆಂಬರಿಂದ ದೇಶಪೂರ್ತಿ ಇದೆ, ಅಲ್ಲಿ ರಿಪೋರ್ಟ್ ಹೋಗೋದು ಎಚ್‌ಎಲ್7ನವ್ರದ್ದೇ ಹೊಸ ಪದ್ಧತಿ ಫೈರ್ (ಎಫ್‌ಎಚ್‌ಐಆರ್) ರೂಪದಲ್ಲಿ, ಪೇಷೆಂಟ್ ಒಪ್ಪಿಗೆ ಕೊಟ್ರೆ ಮಾತ್ರ ಬೇರೆಯವ್ರಿಗೆ ಕಾಣತ್ತೆ. ಲ್ಯಾಬ್ ರಿಪೋರ್ಟ್ ಯಾವ ಆಕಾರದಲ್ಲಿರ್ಬೇಕು ಅನ್ನೋ ಗೈಡನ್ನ ಪುಣೆಯ ಸಿ-ಡ್ಯಾಕ್‌ನಲ್ಲಿರೋ, ಇಂಥ ಸ್ಟ್ಯಾಂಡರ್ಡ್ ನೋಡ್ಕೊಳ್ಳೋ ಎನ್‌ಆರ್‌ಸಿಇಎಸ್ ಕೇಂದ್ರದವ್ರು ಬಿಟ್ಟಿದಾರೆ. ಕೇಂದ್ರ ಸರ್ಕಾರದ 2016ರ ಇಎಚ್‌ಆರ್ (ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆ) ಸ್ಟ್ಯಾಂಡರ್ಡಲ್ಲೇ ಲಾಯಿಂಕ್, ಮತ್ತೆ ವೈದ್ಯಕೀಯ ಪದಗಳಿಗೆ ಕೋಡ್ ಕೊಡೋ ಸ್ನೋಮೆಡ್ ಸಿಟಿ, ಎರಡರ ಹೆಸರೂ ಇದೆ, ಅಂದ್ರೆ ಈಗ ನೀವು ಎಕ್ಸೆಲಲ್ಲಿ ಹಾಕೋ ಕೋಡ್ ನಾಳೆ ಅಲ್ಲೂ ಕೆಲಸಕ್ಕೆ ಬರತ್ತೆ. ಆದ್ರೆ ಮನೆಯೊಳಗಿನ ಆರ್ಡರ್ರು, ರಿಸಲ್ಟು ಸರಿ ಓಡೋವರೆಗೂ ಇದನ್ನ ಮುಟ್ಬೇಡಿ. ತಪ್ಪು ಯೂನಿಟ್ಟಿರೋ ರಿಪೋರ್ಟು ಚಿಂತಾಮಣಿಯಲ್ಲೇ ಇದ್ರೆ ನೀವು ಫೋನ್ ಮಾಡಿ ಸರಿ ಮಾಡ್ಬಹುದು, ಬೇರೆ ಆಸ್ಪತ್ರೆ ಡಾಕ್ಟ್ರು ನೋಡ್ತಿದ್ರೆ ಆಗಲ್ಲ.

ವೆಂಡರ್ ವಿಷಯ. ಅಗ್ರಿಮೆಂಟಲ್ಲಿ ಟೆಸ್ಟ್ ಮಾಸ್ಟರ್ ನಿಮ್ಮ ಸ್ವತ್ತು, ಬಿಟ್ಟು ಹೋಗುವಾಗ ಹಳೇ ರಿಸಲ್ಟೆಲ್ಲಾ ಕೋಡ್ ಸಮೇತ ಎಕ್ಸ್‌ಪೋರ್ಟ್ ಮಾಡಿ ಕೊಡ್ಬೇಕು ಅಂತ ಬರೆಸಿ, ಪಿಡಿಎಫ್ ಗಂಟು ಕೊಟ್ರೆ ಒಪ್ಬೇಡಿ. ಮೊದ್ಲು ಸಿಬಿಸಿ, ಶುಗರ್ ಅಷ್ಟೇ ಲೈವ್ ಮಾಡಿ, ಹಳೇ ರಿಜಿಸ್ಟರ್ ಜೊತೇಲೇ ಓಡಿಸಿ ದಿನಾ ಸಂಜೆ ಎರಡನ್ನೂ ತಾಳೆ ನೋಡಿ, ಆಮೇಲೆ ಮಿಕ್ಕಿದ್ದು. ಡೆಮೋ ದಿನ ಅವ್ರು ಚೆನ್ನಾಗಿರೋ ಸ್ಕ್ರೀನ್ ತೋರಿಸ್ತಾರೆ, ಅದನ್ನ ನೋಡಿ ತಲೆ ಆಡಿಸ್ಬೇಡಿ. ಸುಳ್ಳು ಹೆಸರಿನ ಒಬ್ಬ ಪೇಷೆಂಟ್ ಹಾಕ್ಸಿ, ಎರಡು ಟ್ಯೂಬಿನ ಆರ್ಡರ್ ಹಾಕ್ಸಿ, ಒಂದು ಟೆಸ್ಟ್ ಮಧ್ಯದಲ್ಲಿ ಕ್ಯಾನ್ಸಲ್ ಮಾಡ್ಸಿ, ಸ್ಯಾಂಪಲ್ ಒಂದು ರಿಜೆಕ್ಟ್ ಮಾಡ್ಸಿ, ಫೈನಲ್ ಆದ ಹಿಮೋಗ್ಲೋಬಿನ್ 8.2ನ 12.8 ಅಂತ ತಿದ್ದಿಸಿ, ಮಧ್ಯೆ ನೆಟ್‌ವರ್ಕ್ ಕೇಬಲ್ ಕಿತ್ತು ಹಾಕಿ ಮತ್ತೆ ಚುಚ್ಚಿ. ಆಮೇಲೆ ಡಾಕ್ಟ್ರ ಸ್ಕ್ರೀನಲ್ಲಿ ಏನು ಕಾಣ್ತಿದೆ ಅಂತ ನೋಡಿ. ಅಲ್ಲಿ ಇನ್ನೂ 8.2 ಇದ್ರೆ ಅಥವಾ 12.8 ಇದ್ದು ತಿದ್ದಿದ್ದು ಅಂತ ಗುರುತಿಲ್ದೇ ಇದ್ರೆ, ಸರಿ ಮಾಡ್ಕೊಂಡು ಬನ್ನಿ ಅಂತ ಕಳಿಸಿ, ರೇಟ್ ಮಾತಾಡೋದು ಆಮೇಲೆ.